ಐಶ್ವರ್ಯಳ ಗೇಟಿನ ಮುಂದೆ ನನ್ನ ಫೋಟೋ

ಹೊಟ್ಟೆಕಿಚ್ಚು ಇರಲಿಲ್ಲ ಎಂದು ಸುಳ್ಳು ಹೇಳಲಾರೆ. ಇತ್ತು, ದಂಡಿಯಾಗಿ ಇತ್ತು.

ನನ್ನ ಗಂಡ ಶಿದ್ರಾಮಪ್ಪ ಮತ್ತು ಮೈದುನ ಗೌರೀಶ ಬನಹಟ್ಟಿಯ ಹಿರಿಯರ ಮನೆಯನ್ನು ನಡುವೆ ಗೋಡೆ ಎತ್ತಿ ಹಂಚಿಕೊಂಡರು. ಎರಡೂ ಪಾಲು ಹೆಂಡಂದಿರ ಹೆಸರಿಗೆ ಆದವು. ನನ್ನ ಪಾಲು ಮಣ್ಣಿನ ಮಾಳಿಗೆಯ ಹಳೇ ಮನೆಯಾಗಿಯೇ ಉಳಿಯಿತು. ನೆಗೆಣ್ಣಿ ಐಶ್ವರ್ಯಳ ಪಾಲು ನಾಲ್ಕು ವರ್ಷದ ಹಿಂದೆ ಎರಡು ಅಂತಸ್ತಾಗಿ ಎದ್ದು ನಿಂತಿತು. ಮುಂದೆ ಸ್ಟೀಲಿನ ಗೇಟು ಬೇರೆ. ಅವಳೇನೂ ಮೆರೆಯುವವಳಲ್ಲ, ಹಬ್ಬಕ್ಕೆ ಮೊದಲ ಹೋಳಿಗೆ ನನಗೇ ತಂದುಕೊಡುವವಳು. ಕೆಟ್ಟವಳಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆ ಯಾರದೆಂದು ತೋರಿಸುವ ಹೊಸ ಇ-ಖಾತೆ ಉತಾರ ಮಾಡಿಕೊಡಲು ನಗರಸಭೆಯವರು ಓಣಿಗೆ ಬಂದ ದಿನ ಐಶ್ವರ್ಯ ಜಮಖಂಡಿಗೆ ಹೋಗಿದ್ದಳು. ಬಿಲ್ ಕಲೆಕ್ಟರ್ ಜ್ಞಾನೇಶ್ವರ ನಮ್ಮ ಓಣಿಗೆ ಹೊಸಬ. ನನ್ನ ಕಾಗದಪತ್ರ ನೋಡಿ, ಎಲ್ಲಾ ಸರಿಯಾಗಿವೆ ಎಂದು ಮೊಬೈಲ್ ತೆಗೆದ.

"ಮಾಲಕರು ಮನಿ ಮುಂದ ನಿಂತ ಫೋಟೋ ಬೇಕ್ರೀ ಅಕ್ಕಾರ. ನಿಮ್ಮ ಮನಿ ಯಾವುದ್ರೀ?"

ಸರಕಾರದ ಕಾಗದದಲ್ಲಿ ಆ ಬಿರುಕುಬಿಟ್ಟ ಗೋಡೆಯ ಮುಂದೆ ಕಾಯಂ ನಿಂತಿರಬೇಕೇ ಎನ್ನಿಸಿತು. ಕಾಲು ತಾನೇ ನಾಲ್ಕು ಹೆಜ್ಜೆ ಸರಿಯಿತು.

"ಇದರೀ," ಎಂದೆ, ಸ್ಟೀಲಿನ ಗೇಟಿಗೆ ಕೈಯಿಟ್ಟು.

ಅವನು ಎರಡು ಅಂತಸ್ತು ಎಂದು ಬರೆದುಕೊಂಡ. ನಾನು ಸಹಿ ಹಾಕಿದೆ.

ತಿಂಗಳೊಪ್ಪತ್ತಿನಲ್ಲಿ ಉತಾರ ಬಂತು. ಗಂಡನಿಗೆ ಇನ್ನೂ ಬಂದಿಲ್ಲವೆಂದು ಹೇಳಿ ಟ್ರಂಕಿನಲ್ಲಿ ಸೀರೆಯ ಅಡಿ ಇಟ್ಟೆ. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ತೆಗೆದು ನೋಡುತ್ತಿದ್ದೆ. ಎರಡು ಅಂತಸ್ತಿಗೆ ಮನೆಪಟ್ಟಿಯ ತೆರಿಗೆ ಜಾಸ್ತಿ ಬರುತ್ತದೆ ಎಂದು ಗೊತ್ತಿತ್ತು. ಬರಲಿ, ಅಷ್ಟಾದರೂ ಆ ಮನೆ ನನ್ನದಾಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಐಶ್ವರ್ಯ ಮಹಡಿಯ ಮೇಲೆ ಹೊಲಿಗೆ ಕ್ಲಾಸು ತೆಗೆಯಲು ಹೊರಟಳು. ಹನ್ನೊಂದು ಹುಡುಗಿಯರು ಹೆಸರು ಹಚ್ಚಿದ್ದರು. ಲೈಸೆನ್ಸಿಗೆ ಉತಾರ ಬೇಕು, ಅವಳ ಉತಾರದ ಅರ್ಜಿ ಹಾಗೇ ತಿರುಗಿ ಬಂತು. ಅವಳು ಸೀದಾ ನನ್ನ ಅಡುಗೆಮನೆಗೆ ಬಂದಳು.

"ಯಾರೋ ನಮ್ಮ ಮನಿ ತಮ್ಮದಂತ ಬರಿಸ್ಯಾರಂತ ಅಕ್ಕಾ. ನನಗ ಕೈಕಾಲ ಆಡವಲ್ಲವು. ನನ್ನ ಕೂಡ ನಗರಸಭೆಗೆ ಬರ್ರಿ."

ಒಲ್ಲೆ ಎನ್ನಲು ಒಂದು ನೆಪವೂ ಸಿಗಲಿಲ್ಲ. ರಿಕ್ಷಾದಲ್ಲಿ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಆಫೀಸಿನಲ್ಲಿ ಗುರುಪಾದ ಎಂಬ ಕ್ಲಾರ್ಕರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅವಳ ಗೇಟಿನ ಮೇಲೆ ಕೈಯಿಟ್ಟು ನಾನು ನಿಂತಿದ್ದೆ. ಅವರು ಚಿತ್ರ ನೋಡಿದರು, ನನ್ನ ಮುಖ ನೋಡಿದರು. ಐಶ್ವರ್ಯ ನನ್ನ ಕೈ ಬಿಟ್ಟಳು.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ತಿದ್ದಾಕ ಏನ ಮಾಡಬೇಕ್ರಿ?" ಎಂದು ಅವಳು ಕ್ಲಾರ್ಕರನ್ನೇ ಕೇಳಿದಳು.

"ಇವರ ಬರದು ಕೊಡಬೇಕ್ರಿ. ಆಮ್ಯಾಲ ನಾವು ಬಂದು ನೋಡಿ, ಇಬ್ಬರದೂ ಹೊಸಾ ಫೋಟೋ ತಗೀತೇವಿ."

ಅವಳು ತನ್ನ ಪೆನ್ನು ಕೊಟ್ಟಳು. ಅವರು ಹೇಳಿದಂತೆ ಬರೆದೆ: ಫೋಟೋದಲ್ಲಿ ಕಾಣುವ ಮನೆ ನನ್ನದಲ್ಲ, ಪಕ್ಕದ ಮಣ್ಣಿನ ಮನೆ ನನ್ನದು. ಕೆಳಗೆ ಗಂಗಾಂಬಿಕಾ ಎಂದು ಸಹಿ ಮಾಡಿ ಅವಳ ಪೆನ್ನು ತಿರುಗಿ ಕೊಟ್ಟೆ.

ಹೊರಗೆ ಬಂದು ರಿಕ್ಷಾಕ್ಕೆ ನಿಂತೆವು. ಅವಳು ನನ್ನ ಕಡೆ ತಿರುಗಿದಳು.

"ಆ ಫೋಟೋದಾಗ ನೀವು ನಗಾಕತ್ತೀರಿ ಅಕ್ಕಾ. ಮನಿ ಕಟ್ಟಿ ನಾಕ ವರ್ಷ ಆತು. ನಮ್ಮ ಮನಿ ಮುಂದ ನೀವು ನಕ್ಕದ್ದು ನಾ ಇವತ್ತ ಮೊದಲನೇ ಸಲ ನೋಡಿದೆ."

ಇಷ್ಟಾದ ಮೇಲೂ ಆ ಮಾತನ್ನು ಅಷ್ಟು ಮೆತ್ತಗೆ ಹೇಳಲು ಬಂತಲ್ಲ ಅವಳಿಗೆ. ಅದಕ್ಕೂ ನನ್ನ ಹೊಟ್ಟೆ ಉರಿಯಿತು.