ಪಿಂಕೆಯೊಳ ನೀಲಿ ಗಡಿಗೆ

ಸೀಥಾಟ್ ಇನ್ನು ಉಳಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ ಪಿಂಕೆಯೊ. ಸವನ್ನಖೇತ್ ಪೇಟೆಯ ಆಸ್ಪತ್ರೆಯವರು "ಇನ್ನು ಮನೆ ಊಟ ಮಾಡಲಿ" ಎಂದು ಕಳಿಸಿ ಇಪ್ಪತ್ತು ದಿನವಾಗಿತ್ತು. ಆ ಮಾತಿನ ಅರ್ಥ ಎಂಥ ದಡ್ಡರಿಗೂ ಆಗುತ್ತದೆ. ಪಿಂಕೆಯೊ ಮಾತ್ರ ದಿನಾ ಹೊಳೆಮೀನಿನ ಸಾರು ಕಾಯಿಸಿ, ಅಂಟಕ್ಕಿಯನ್ನು ಗಂಜಿ ಮಾಡಿ, ಗುಣವಾಗುವವನಿಗೆ ಉಣಿಸುವ ಹಾಗೆ ಉಣಿಸುತ್ತಿದ್ದಳು.

ಕಂಬಗಳ ಮೇಲೆ ನಿಂತ ಮನೆ ಅದು. ಮೇಲೆ ಸೀಳುಬಿದಿರಿನ ನೆಲದಲ್ಲಿ ಅವನ ಹಾಸಿಗೆ. ಸರಿಯಾಗಿ ಅದರ ಕೆಳಗೆ, ಮಗ್ಗದ ಪಕ್ಕದಲ್ಲಿ, ಅವಳ ನೀಲಿ ಗಡಿಗೆ. ನೀಲಿಗಿಡದ ಎಲೆ ಕೊಳೆಸಿ, ಸುಣ್ಣ, ಬೂದಿನೀರು ಸೇರಿಸಿ ಹುಳಿ ಬರಿಸಿದ ಬಣ್ಣ. ಮೂವತ್ತೆಂಟು ವರ್ಷದ ಹಿಂದೆ ತಾಯಿ ತನ್ನ ಗಡಿಗೆಯಿಂದ ಒಂದು ಚಿಪ್ಪು ಬಣ್ಣ ಕೊಟ್ಟಿದ್ದಳು, ಹೆಪ್ಪಿಗೆ ಮಜ್ಜಿಗೆ ಕೊಟ್ಟ ಹಾಗೆ. ಅದು ಇನ್ನೂ ಬದುಕಿತ್ತು. ಗಡಿಗೆಗೆ ಜೀವವಿದೆ ಎಂದರೆ ಪೇಟೆಯ ಅಂಗಡಿಗೆ ಬರುವ ಪ್ರವಾಸಿಗರು ಮೊದಲು ನಗುತ್ತಾರೆ, ಆಮೇಲೆ ಅದೇ ಕಾರಣಕ್ಕೆ ಎರಡು ಶಾಲು ಹೆಚ್ಚಿಗೆ ಕೊಳ್ಳುತ್ತಾರೆ. ಇವರ ಫೂತಾಯ್ ಪಂಗಡದ ಹೆಂಗಸರು ನಗುವುದಿಲ್ಲ. ಗಡಿಗೆಗೆ ಬೆಳಿಗ್ಗೆ ಬೂದಿನೀರು ಬೆರೆಸಿ, ಬಣ್ಣವನ್ನು ಚಿಪ್ಪಿನಲ್ಲಿ ಎತ್ತಿ ಹೊಯ್ದು ಉಣಿಸಬೇಕು, ಮುನಿಸಿಕೊಂಡರೆ ಒಂದು ಗುಟುಕು ಅಕ್ಕಿ ಸಾರಾಯಿ ಹೊಯ್ದು ರಮಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಣವಿರುವ ಸೂರಿನ ಕೆಳಗೆ ಅದು ಇರಬಾರದು. ಇದ್ದರೆ ಅದರ ಜೀವವೂ ಹೆಣದ ಹಿಂದೆಯೇ ಹೋಗುತ್ತದೆ. ಅದಕ್ಕೇ ಸಾವು ಹತ್ತಿರವಾದ ಮನೆಯಿಂದ ಗಡಿಗೆಯನ್ನು ಮುಂಚೆಯೇ ಬೇರೆ ಮನೆಗೆ ದಾಟಿಸುತ್ತಾರೆ. ಗಡಿಗೆ ಹೊರಟಿತು ಎಂದು ತಿಳಿದರೆ ಸಾಕು, ಊರಿನ ಗಂಡಸರು ಹೆಣದ ಪೆಟ್ಟಿಗೆಗೆ ಹಲಗೆ ಹುಡುಕಲು ಶುರು ಮಾಡುತ್ತಾರೆ.

"ಅಕ್ಕಾ, ಭಾವನ ಕಾಲು ಬಾತಿದೆ, ನೋಡಿದೀಯ ತಾನೆ?" ಎಂದಳು ತಂಗಿ ವಿಯೆಂಗ್, ಅಂಗಳದಲ್ಲಿ ದನಿ ತಗ್ಗಿಸಿ. "ಗಡಿಗೆ ನಮ್ಮನೇಲಿ ಇಟ್ಕೊತೀನಿ, ಕೊಡು."

"ಅವನಿಗೆ ನಾನೇ ಹೋಗಿ, ನೀನು ಸಾಯ್ತೀಯ ಅಂದಂಗೆ ಆಗುತ್ತೆ ಕಣೆ."

"ಅಮ್ಮ ನನ್ನ ಮನೇಲಿ ಸತ್ತಾಗ ನನ್ನ ಗಡಿಗೇನೂ ಹೋಯ್ತು. ಊರಲ್ಲಿ ಉಳಿದೋರೆಲ್ಲ ಪೊಟ್ಟಣದ ಪುಡಿ ಕಲಸ್ತಾರೆ. ನಿಂದೂ ಹೋದ್ರೆ ಅಮ್ಮನ ಬಣ್ಣ ಅಲ್ಲಿಗೆ ಮುಗೀತು."

ವಿಯೆಂಗ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಸರಿಯಾದ್ದನ್ನೇ ಹೇಳುವವರನ್ನು ಕಂಡರೆ ಮೈ ಉರಿಯುವುದೂ ಸುಳ್ಳಲ್ಲ. ಪಿಂಕೆಯೊ ಎರಡು ದಿನ ತಂಗಿಯೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಮಧ್ಯಾಹ್ನ, ಸೀಥಾಟ್ ಮಾತ್ರೆ ನುಂಗಿ ನಿದ್ದೆಹೋದಾಗ, ಇಬ್ಬರೂ ಗಡಿಗೆಯ ಬಾಯಿ ಕಟ್ಟಿ, ಬಿದಿರಿನ ಅಡ್ಡೆಗೆ ತೂಗಿಸಿ, ಹಿತ್ತಿಲ ದಾರಿಯಲ್ಲಿ ಹೊತ್ತು ನಡೆದರು. ಖಾಲಿಯಾದ ಜಾಗದಲ್ಲಿ ಅವಳು ಅಷ್ಟೇ ದೊಡ್ಡ ಇನ್ನೊಂದು ಗಡಿಗೆ ಇಟ್ಟು ಬಾವಿಯ ನೀರು ತುಂಬಿದಳು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಕೆಳಗಿಳಿದು ಆ ನೀರನ್ನೇ ಚಿಪ್ಪಿನಲ್ಲಿ ಎತ್ತಿ ಎತ್ತಿ ಹೊಯ್ದಳು. ಬಿದಿರಿನ ಸಂದಿಯಿಂದ ಅವನಿಗೆ ಸದ್ದು ಕೇಳಬೇಕಲ್ಲ. "ಉಂಡೆಯಾ ತಾಯಿ, ಇವತ್ತು ಮುನಿಸಿಲ್ಲ ತಾನೆ?" ಎಂದು ದಿನಾ ಗಡಿಗೆಯೊಂದಿಗೆ ಆಡುವ ಮಾತನ್ನೂ ಆಡಿದಳು. ಬರೀ ನೀರಿನ ಜೊತೆ ಮಾತಾಡುವಾಗ ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಮೇಲಿನಿಂದ ಸೀಥಾಟ್ ಎಂದಿನಂತೆ ಕಾಡಿದ. "ಅವಳಿಗೆ ಮೊದಲ ಊಟ, ನನಗೆ ಆಮೇಲೆ. ನಾಲ್ವತ್ತು ವರ್ಷದಿಂದ ಸವತಿ ಇಟ್ಕೊಂಡು ಸಂಸಾರ ಮಾಡ್ತಿದೀನಿ ನಾನು."

"ನಿನ್ನ ಸವತಿ ಅಲ್ಲ ತಾತ, ನನ್ನ ಸವತಿ ಅನ್ನು," ಎಂದಳು ಅವಳು. ಮೊಮ್ಮಕ್ಕಳಾದ ಮೇಲೆ ಒಬ್ಬರನ್ನೊಬ್ಬರು ತಾತ, ಅಜ್ಜಿ ಎಂದೇ ಕರೆಯುವುದು ರೂಢಿ. ಅವನು ನಕ್ಕ. ಗೆದ್ದೆ ಅಂದುಕೊಂಡಳು.

ಗಡಿಗೆ ಹೋದ ನಾಲ್ಕನೆಯ ದಿನ ಗಂಜಿಯ ಬಟ್ಟಲನ್ನು ಅವನು ಕೈಯಿಂದ ಸರಿಸಿದ.

"ಅಜ್ಜೀ, ಯಾರ ಮನೇಲಿ ಇಟ್ಟೆ?"

"ಏನನ್ನ?"

"ಕೊಳೆತ ಎಲೆ ವಾಸನೆ ನಿಂತು ಮೂರು ದಿನ ಆಯ್ತು. ಕಾಲಿಗೆ ನೀರು ತುಂಬಿರಬಹುದು, ಮೂಗು ಚೆನ್ನಾಗೇ ಇದೆ."

ಪಿಂಕೆಯೊ ಹೆಗಲ ಶಾಲಿನ ತುದಿಯನ್ನು ಹಿಂಡುತ್ತ ಕೂತಳು.

"ವಿಯೆಂಗಳ ಮನೇನಾ? ಅವಳ ಕೈ ದುಡುಕು, ಸುಣ್ಣ ಜಾಸ್ತಿ ಹಾಕಿ ಕೊಂದಾಳು. ಹೋಗಿ ಹೇಳಿ ಬಾ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದ, "ಒಳ್ಳೇದು ಮಾಡ್ದೆ. ವಾಪಸ್ ತರಬೇಡ."

ಅವಳು ಹೋದಳು. ಸುಣ್ಣದ ವಿಷಯ ಹೇಳಲಿಲ್ಲ. ಗಡಿಗೆಯ ಬಾಯಿ ಕಟ್ಟಿ ಅಡ್ಡೆಗೆ ತೂಗಿಸುತ್ತಿದ್ದ ಅಕ್ಕನ ಕೈ ಹಿಡಿದು ವಿಯೆಂಗ್, "ತಲೆ ಕೆಟ್ಟಿದೆಯಾ ನಿಂಗೆ? ವಾರ ತಳ್ಳಲ್ಲ ಭಾವ," ಎಂದಳು. ಪಿಂಕೆಯೊ ಕೈ ಬಿಡಿಸಿಕೊಂಡಳು. ಕೊನೆಗೆ ವಿಯೆಂಗಳೇ ಅಳುತ್ತ ಅಡ್ಡೆಯ ಇನ್ನೊಂದು ತುದಿಗೆ ಹೆಗಲು ಕೊಟ್ಟಳು.

ಗಡಿಗೆ ಹಳೆಯ ಜಾಗದಲ್ಲಿ ಕೂತಿತು. ಪಿಂಕೆಯೊ ಮುಚ್ಚಳ ತೆಗೆದು, ನೇರಳೆ ನೊರೆ ಉಕ್ಕುವವರೆಗೆ ಹೊಯ್ದಳು. ಆ ಗಬ್ಬು ವಾಸನೆ ಬಿದಿರಿನ ಸಂದಿಯಲ್ಲಿ ಮೇಲೇರಿತು. ಸೀಥಾಟ್ ಬೈಯಲಿಲ್ಲ, ನಗಲೂ ಇಲ್ಲ. "ಹುಚ್ಚಿ," ಎಂದ ಅಷ್ಟೆ.

ಅದಾದ ಮೂರನೆಯ ಬೆಳಿಗ್ಗೆ ಅವನು ಹೋದ. ಹೆಣ ಮೂರು ದಿನ ಮನೆಯಲ್ಲಿತ್ತು. ಭಿಕ್ಷುಗಳು ಬಂದು ಮಂತ್ರ ಹೇಳಿದರು. ಮನೆ ಬಿಕೋ ಎನ್ನಬಾರದೆಂದು ಊರವರು ಇಸ್ಪೀಟು ಆಡುತ್ತ ಕೂತರು. ಸುಟ್ಟು ಬಂದ ಮೇಲೆ ಪಿಂಕೆಯೊ ಗಡಿಗೆಯ ಮುಚ್ಚಳ ತೆಗೆದಳು. ನೊರೆ ಇರಲಿಲ್ಲ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿತ್ತು. ಸಾರಾಯಿ ಹೊಯ್ದಳು, ಬೂದಿನೀರು ಹೊಯ್ದಳು, ತಾಯಿಯ ಹೆಸರು ಹಿಡಿದು ಬೇಡಿಕೊಂಡಳು. ಅದ್ದಿದ ನೂಲು ಅದ್ದಿದ ಹಾಗೇ ಬಿಳಿಯಾಗಿ ಮೇಲೆ ಬಂತು.

ವಿಯೆಂಗ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬೈಯಲೆಂದೇ ಬಂದಿದ್ದವಳು ಅಕ್ಕನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಭಾವನಿಗೆ ಎಲ್ಲಾ ಗೊತ್ತಿತ್ತಲ್ಲ ಅಕ್ಕ. ತರಬೇಡ ಅಂತ ಅವರೇ ಅಂದಿದ್ರು ಅಂತ ನೀನೇ ಹೇಳ್ದೆ. ಮತ್ತೆ ಯಾರಿಗೋಸ್ಕರ ತಂದೆ?"

"ಗಡಿಗೆ ಮನೇಲಿದ್ರೆ ಅವನು ಹೋಗಲ್ಲ ಅನ್ನಿಸ್ತು ಕಣೆ ನಂಗೆ," ಎಂದಳು ಪಿಂಕೆಯೊ.