ಮೂವತ್ತೇಳು ಡಿಗ್ರಿ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

"ಕೈ ತೆಗಿಯೇ ಕತ್ತೆಮುಂಡೇದೇ! ನಿಮ್ಮಪ್ಪ ತಂದಿಟ್ಟಿದ್ದಾ ಅದು?"

ನನ್ನ ತರಗತಿಯ ಮೆಣಸಿ ಬೆಚ್ಚಿ ಕೈ ತೆಗೆದಳು. ಪ್ರಯೋಗಾಲಯದ ಬೀರುವಿನ ಗಾಜಿನ ಮೇಲೆ ಅವಳ ಬೆರಳುಗಳ ಗುರುತು ಉಳಿಯಿತು. ದೊಡ್ಡ ಮೇಷ್ಟ್ರು ಕರವಸ್ತ್ರ ಹೊರತೆಗೆದು ಒರೆಸಲು ಹೋದವರು, ಏನೋ ಹೊಳೆದಂತೆ ಅದನ್ನು ಮತ್ತೆ ಜೇಬಿಗಿಟ್ಟು ನನ್ನ ಅಮ್ಮನನ್ನು ಕೂಗಿದರು. ಅಮ್ಮ ಆ ಶಾಲೆಯ ಕಸ ಗುಡಿಸುವವಳು. ನಾನು ಅದೇ ಶಾಲೆಗೆ ವಿಜ್ಞಾನ ಕಲಿಸಲು ಸೇರಿದ ಟೆಂಪರರಿ ಟೀಚರ್; ಸೇರಿ ಎರಡು ವಾರ ಕಳೆದಿತ್ತು.

ಅಮ್ಮ ಬಂದು ಗಾಜು ಒರೆಸಿದಳು. ಒಳಗೆ ಹತ್ತಿ ಹಾಸಿದ ಉದ್ದನೆಯ ಡಬ್ಬಿಯಲ್ಲಿ ನೀರಿನ, ಗಾಳಿಯ ಬಿಸಿ ಅಳೆಯುವ ಥರ್ಮಾಮೀಟರುಗಳು ಮಲಗಿದ್ದವು. ಕೆಲವಕ್ಕೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು.

"ಸಾರ್, ಶುಕ್ರವಾರ ಸಾಹೇಬ್ರು ಬರ್ತಾರೆ. ಅಷ್ಟರೊಳಗೆ ಒಂದೇ ಒಂದು ಸಲ ಮಕ್ಕಳ ಕೈಗೆ ಕೊಡ್ಸಿ ಸಾರ್. ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದೆ.

"ಒಡೆದ್ರೆ?"

"ಒಡೆಯಲ್ಲ ಸಾರ್."

"ಗಾಜಮ್ಮಾ ಅದು. ಚರಂಡಿ ಬಳಿಯೋ ಕೈಗೆ ಗಾಜು ಹಿಡಿಯೋದು ಬರುತ್ತಾ? ಗೋಡೆ ಮೇಲೆ ಚಾರ್ಟ್ ಇದ್ಯಲ್ಲ, ಅದನ್ನ ತೋರಿಸಿ ಕಲಿಸು. ಚಾರ್ಟು ಬಿದ್ರೂ ಒಡೆಯಲ್ಲ, ನಿನ್ನ ಶಿಷ್ಯರು ಕಚ್ಚಿದ್ರೂ ಒಡೆಯಲ್ಲ."

ತಮ್ಮ ಮಾತಿಗೆ ತಾವೇ ನಕ್ಕು ಬೀರುವಿನ ಬೀಗ ಎಳೆದು ನೋಡಿ ಹೋದರು.

ಚರಂಡಿಯಾಚೆಯ ಓಣಿಯ ಮಕ್ಕಳಿಗೆ ಪಾಠ ನಡೆಯುತ್ತಿದ್ದದ್ದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ನಾನೂ ಅದೇ ಓಣಿಯವಳು. ಮುಂದಿನ ವರ್ಷ ಆ ಮಕ್ಕಳಿಗೆ ವಿಜ್ಞಾನ ಇರಬೇಕೋ, ಅಥವಾ ಅದನ್ನು ತೆಗೆದು ಎಲ್ಲರನ್ನೂ ಕೈಕಸುಬಿನ ವಿಭಾಗಕ್ಕೆ ಹಾಕಬೇಕೋ ಎಂಬುದನ್ನು ಶುಕ್ರವಾರ ತಪಾಸಣೆಗೆ ಬರುವ ಶಿಕ್ಷಣ ಇಲಾಖೆಯ ಸಾಹೇಬರು ತೀರ್ಮಾನಿಸುವವರಿದ್ದರು. ಕೈಕಸುಬು ಎಂದರೆ ಗೋಣಿಚೀಲ ಹೊಲಿಯುವುದು, ಪೊರಕೆ ಕಟ್ಟುವುದು. ಅಲ್ಲಿಗೆ ಹೋದ ಯಾರೂ ಮರಳಿ ವಿಜ್ಞಾನಕ್ಕೆ ಬಂದಿರಲಿಲ್ಲ.

ನಲ್ಲಿಯ ಹತ್ತಿರ ನೆಲ ಒರೆಸುವ ಬಟ್ಟೆ ಹಿಂಡುತ್ತಾ ಅಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನಿಂಗ್ಯಾಕೇ ಊರ ಉಸಾಬರಿ? ಸೇರಿ ಇನ್ನೂ ಚಪ್ಪಲಿ ಸವೆದಿಲ್ಲ, ಆಗ್ಲೇ ಎದುರು ಮಾತು. ಆ ಮುಂಡೇಗಂಡ ನಾಳೆಯಿಂದ ಬರಬೇಡ ಅಂದ್ರೆ ಏನ್ಮಾಡ್ತೀಯ?"

"ಮಕ್ಕಳು ಅದನ್ನ ಒಂದು ಸಲನಾದ್ರೂ ಮುಟ್ಟಬೇಡ್ವೇನಮ್ಮ?"

"ನಾನು ದಿನಾ ಆ ಬೀರು ಒರೆಸ್ತೀನಿ. ಒಳಗಿರೋದು ಏನಂತ ಇವತ್ತಿಗೂ ಗೊತ್ತಿಲ್ಲ. ಬದುಕಿಲ್ವಾ?"

ಶೆಡ್ಡಿಗೆ ಹೋಗಿ ಚಾರ್ಟಿನ ಮುಂದೆ ನಿಂತೆ.

ಬಟ್ಟೆಯ ಚಾರ್ಟು. ಆಳೆತ್ತರದ ಥರ್ಮಾಮೀಟರು, ಕೆಳಗೆ ಕೆಂಪು ಬುರುಡೆ, ಅದರಿಂದ ಮೇಲಕ್ಕೆ ಹೋದ ಕೆಂಪು ಗೆರೆ ಮೂವತ್ತೇಳಕ್ಕೆ ನಿಂತಿತ್ತು. ಮಕ್ಕಳು ಮೊದಲ ತರಗತಿಯಿಂದಲೂ ಅದನ್ನು ನೋಡುತ್ತಿದ್ದರು.

"ಬಿಸಿಯಾದರೆ?"

"ಏರುತ್ತದೆ!" ಎಂದು ಇಡೀ ಶೆಡ್ಡು ಕೂಗಿತು.

"ತಣ್ಣಗಾದರೆ?"

"ಇಳಿಯುತ್ತದೆ!"

"ಟೀಚರ್," ಮೆಣಸಿ ಕೈಯೆತ್ತಿದಳು. ಅವಳ ಬಾಯಿಯ ಖಾರಕ್ಕೆ ಓಣಿಯವರು ಇಟ್ಟ ಹೆಸರು ಅದು. "ಇದು ಯಾವತ್ತೂ ಏರೇ ಇಲ್ವಲ್ಲ? ಬೇಸಿಗೇಲೂ ಇಷ್ಟೇ, ಚಳೀಲೂ ಇಷ್ಟೇ. ಸತ್ತೋಗಿದ್ಯಾ?"

ಎಲ್ಲರೂ ನಕ್ಕರು. ಚಿತ್ರ ಏರುವುದಿಲ್ಲ, ನಿಜವಾದದ್ದು ಏರುತ್ತದೆ ಎಂದೆ. ತಲೆಯಾಡಿಸಿದರು. ಗುರುವಾರದವರೆಗೂ ಕೂಗಿಸಿದೆ. ಗಂಟಲು ಕಟ್ಟಿತೇ ಹೊರತು ಬೀರುವಿನ ಬೀಗ ಬಿಡಲಿಲ್ಲ.

ಶುಕ್ರವಾರ ಬೀರು ತೆರೆಯಿತು. ಪ್ರಯೋಗಾಲಯದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು. ಪ್ಲಾಸ್ಟಿಕ್ ಹೊದಿಕೆಗಳನ್ನು ಅಂದು ಬೆಳಿಗ್ಗೆಯೇ ಕಿತ್ತದ್ದು. ಸಾಹೇಬರು ಎರಡು ಬೀಕರುಗಳಲ್ಲಿ ನೀರು ಇಡಿಸಿದರು. ಒಂದರಿಂದ ಹಬೆ ಏಳುತ್ತಿತ್ತು. ಇನ್ನೊಂದು ಮಡಕೆಯ ನೀರು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಕೈಗೊಂದು ಥರ್ಮಾಮೀಟರು ಕೊಟ್ಟರು.

ಮೊದಲು ಬಂದ ಹುಡುಗ ಅದನ್ನು ಬಿಸಿನೀರಿಗೆ ಅದ್ದಿ, ಅದರ ಕಡೆ ನೋಡದೆ ಸೂರು ನೋಡುತ್ತಾ ಹೇಳಿದ:

"ಮೂವತ್ತೇಳು ಸಾರ್."

"ಇದು?" ಸಾಹೇಬರು ತಣ್ಣೀರು ತೋರಿಸಿದರು.

"ಮೂವತ್ತೇಳು ಸಾರ್."

ಎರಡನೆಯವಳೂ ಮೂವತ್ತೇಳು ಎಂದಳು. ಮೂರನೆಯವನೂ ಅದನ್ನೇ ಹೇಳಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು; ನಗು ತಡೆಯುತ್ತಿದ್ದರು. ದೊಡ್ಡ ಮೇಷ್ಟ್ರು ತಡೆಯಲಿಲ್ಲ.

ಮೆಣಸಿ ಬಂದಳು. ಅವಳೊಬ್ಬಳು ಕೊಳವೆಯನ್ನೇ ದಿಟ್ಟಿಸುತ್ತಾ ಅದ್ದಿದಳು. ಕ್ಷಣದಲ್ಲೇ ಕಿರುಚಿ ಹೊರಗೆಳೆದಳು.

"ಹಾಳಾಯ್ತು ಟೀಚರ್! ನಾನೇನೂ ಮಾಡಿಲ್ಲ ಟೀಚರ್, ಗೆರೆ ಅದರಷ್ಟಕ್ಕೇ ಓಡ್ತಾ ಇದೆ!"

"ನೋಡಿದ್ರಾ ಸಾರ್?" ದೊಡ್ಡ ಮೇಷ್ಟ್ರು ಸಾಹೇಬರತ್ತ ಬಾಗಿದರು. "ಇವಕ್ಕೆ ವಿಜ್ಞಾನ ಕಲಿಸಿ ಅಂತ ಈಯಮ್ಮ ದಿನಾ ನನ್ನ ತಲೆ ತಿಂತಾಳೆ."

"ಸಾರ್," ನಾನೆಂದೆ, "ಅವರು ಇದನ್ನ ಮುಟ್ಟಿದ್ದೇ ಇವತ್ತು ಸಾರ್. ಇನ್ನೊಂದು ಸಲ, ಹತ್ತು ನಿಮಿಷ ಕೊಡಿ ಸಾರ್."

"ಇರಲಿ ಬಿಡಮ್ಮ," ಸಾಹೇಬರ ದನಿ ಮೃದುವಾಗಿತ್ತು. "ಇವರ ಒಳ್ಳೇದಕ್ಕೇ ಹೇಳ್ತಿರೋದು. ಕೈಕಸುಬು ಕಲೀಲಿ. ನೆಮ್ಮದಿಯಾಗಿರ್ತಾರೆ."

ವಿಜ್ಞಾನ ತೆಗೆಯುವ ಕಾಗದಕ್ಕೆ ಸಹಿ ಹಾಕಿ ಚಹಾ ಕುಡಿಯಲು ಆಫೀಸಿಗೆ ನಡೆದರು. ದೊಡ್ಡ ಮೇಷ್ಟ್ರು ಬಾಗಿಲಲ್ಲಿ ತಿರುಗಿ, "ಸಾಮಾನೆಲ್ಲ ಒರೆಸಿ ಡಬ್ಬಿಗೆ ಹಾಕು. ಇವು ಮುಟ್ಟಿದ್ದನ್ನ ಡೆಟಾಲ್ ಹಾಕಿ ಒರೆಸು," ಎಂದರು.

ನಾನು ಡಬ್ಬಿ ತೆರೆದು ಕೈ ಚಾಚಿದೆ. ಮಕ್ಕಳು ಒಂದೊಂದಾಗಿ ಹಿಂದಕ್ಕೆ ಕೊಟ್ಟರು. ಮೆಣಸಿ ಕೊಡಲಿಲ್ಲ. ತನ್ನದನ್ನು ಕಣ್ಣಿಗೆ ಹತ್ತಿರ ಹಿಡಿದು ನಿಂತಿದ್ದಳು.

"ಈಗ ಇಳೀತಿದೆ ಟೀಚರ್."

"ಕೊಡು."

"ತಾಳಿ ಟೀಚರ್, ಇನ್ನೂ ಇಳೀತಿದೆ. ಹಾಳಾಗಿಲ್ಲ ಇದು. ಹಂಗಾದ್ರೆ ನಾವು ಇಷ್ಟು ದಿನ ಕೂಗಿದ್ದು..."

ಉಳಿದವರು ಅವಳ ಸುತ್ತ ಮುತ್ತಿದರು. ಚಾಚಿದ್ದ ಕೈಯನ್ನು ನಾನು ಕೆಳಗಿಳಿಸಿದೆ. ಡಬ್ಬಿಯಲ್ಲಿದ್ದ ಥರ್ಮಾಮೀಟರುಗಳನ್ನು ಮತ್ತೆ ಅವರಿಗೆ ಹಂಚಿದೆ.

"ಶೆಡ್ಡಿಗೆ ನಡೀರಿ. ಓಡಬೇಡಿ."

ಎಲ್ಲರೂ ಒಳಗೆ ಬಂದ ಮೇಲೆ ಚಿಲಕ ಹಾಕಿದೆ. ಸ್ವಲ್ಪ ಹೊತ್ತಿಗೇ ತಗಡಿನ ಬಾಗಿಲು ಧಡಧಡ ಸದ್ದು ಮಾಡಿತು.

"ತೆಗಿಯೇ! ಕಳ್ಳ ಮುಂಡೇವಾ! ಇವತ್ತಿಗೆ ನಿನ್ನ ಕೆಲಸ ಮುಗೀತು, ತಿಳ್ಕೋ!" ಆಮೇಲೆ ಬೇರೆ ಕಡೆಗೆ ತಿರುಗಿದ ದೊಡ್ಡ ಮೇಷ್ಟ್ರ ದನಿ: "ಏಯ್, ಏನು ನೋಡ್ತಾ ನಿಂತಿದ್ದೀಯ? ಆ ಕಲ್ಲು ತಗೊಂಡು ಬಾಗಿಲು ಒಡಿ!"

"ಗುಡಿಸೋ ಕೈ ಸಾರ್ ಇದು," ಹೊರಗಿನಿಂದ ಅಮ್ಮನ ಮಾತು ಕೇಳಿಸಿತು. "ಒಡೆಯೋದು ಕಲಿಸಿಲ್ಲ ನೀವು."

"ನಿಂದೂ ಕೆಲಸ ಹೋಯ್ತು!"

"ಹೋಗ್ಲಿ ಬಿಡಿ. ನಾಳೆಯಿಂದ ನೀವೇ ಗುಡಿಸಿ. ಕರವಸ್ತ್ರ ಇದ್ಯಲ್ಲ."

ಒಳಗೆ ಯಾರೂ ನಗಲಿಲ್ಲ. ಬುರುಡೆಗೆ ಬೆರಳು ತಾಗಿಸಬಾರದು, ಗೆರೆ ನಿಲ್ಲುವವರೆಗೂ ಕಾಯಬೇಕು, ಕಣ್ಣು ಗೆರೆಯ ಮಟ್ಟಕ್ಕೇ ಇರಬೇಕು ಎಂದೆ. ಬಾಗಿಲು ಅಲುಗುತ್ತಲೇ ಇತ್ತು. ಮೇಲಿನ ತಗಡು ಪಟಪಟ ಸಿಡಿಯುತ್ತಿತ್ತು. ಮಕ್ಕಳು ಹಣೆಯ ಬೆವರು ಒರೆಸಿಕೊಳ್ಳದೆ, ಉಸಿರು ಬಿಗಿಹಿಡಿದು, ಕೈಯಲ್ಲಿದ್ದ ಗಾಜಿನ ಕಡ್ಡಿಗಳನ್ನು ನೋಡುತ್ತಿದ್ದರು.

"ನಿಂತ್ಕೊಂಡ್ತು ಟೀಚರ್," ಎಂದಳು ಮೆಣಸಿ.

"ಎಷ್ಟು?"

ಅವಳು ಗೆರೆಗಳನ್ನು ತುಟಿಯಲ್ಲೇ ಎಣಿಸಿದಳು. ತಪ್ಪಿತೆಂದು ಮತ್ತೆ ಮೊದಲಿನಿಂದ ಎಣಿಸಿದಳು. ಪಕ್ಕದ ಹುಡುಗ ತನ್ನದನ್ನು ಅವಳದರ ಜೊತೆ ಹಿಡಿದು ನೋಡಿ ತಲೆಯಾಡಿಸಿದ. ಅವಳು ಹೇಳಿದ್ದನ್ನು ನಾನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದೆ.

ಶೆಡ್ಡಿನ ಒಳಗಿನ ಗಾಳಿ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ: ನಲವತ್ತೊಂದೂವರೆ ಡಿಗ್ರಿ.