ಸಡಿಲಿಸದ ಕಮಾನು

ಬೆಡ್‌ಶೀಟಿನ ಅಂಚು ಇನ್ನೊಂದು ಗೇಣು ಉಳಿದಿತ್ತು, ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹರಿದದ್ದನ್ನು ಹೊಲಿಯುವ ಕೆಲಸ ಅಕ್ಕನದು. ಕಾಲನ್ನು ಹೊಲಿಗೆ ಯಂತ್ರದ ಮೆಟ್ಟಿನ ಮೇಲೆ ಇಟ್ಟುಕೊಂಡೇ ಫೋನನ್ನು ಕಿವಿಗೆ ಹಿಡಿದಳು.

"ಅಕ್ಕಾ, ನಾನು," ಎಂದಿತು ಆ ಕಡೆಯ ದನಿ. ತಮ್ಮನ ಪಿಟೀಲಿಗೆ ಜೊತೆಯಾಗಿ ಡೋಲು ನುಡಿಸುವವನು. ಯಾವತ್ತೂ ಮೊದಲು ಒಂದು ತಮಾಷೆ ಮಾಡಿ ಆಮೇಲೆ ವಿಷಯಕ್ಕೆ ಬರುವ ಮನುಷ್ಯ. ಅವತ್ತು ತಮಾಷೆ ಬರಲಿಲ್ಲ. "ಕೂತಿದ್ದೀರಾ?"

"ಕೂತೇ ಇದ್ದೀನಿ. ಹೇಳು."

"ರಾತ್ರಿ ಕಛೇರಿ ಮುಗೀತು ಅಕ್ಕ. ಆಮೇಲೆ ಅವನು ಹಂಗೇ ತಿರುಗಾಡ್ತಾ ಹೋಗಿ ಒಂದು ಬೆಂಚಿನ ಮೇಲೆ ಕೂತಿದಾನೆ. ಕೂತಲ್ಲೇ... ಹೋಗಿಬಿಟ್ಟ ಅಕ್ಕ."

ಅಕ್ಕ ಫೋನನ್ನು ಕೆಳಗಿಟ್ಟಳು. ಉಳಿದ ಒಂದು ಗೇಣನ್ನು ಹೊಲಿದು ಮುಗಿಸಿ, ದಾರ ಕತ್ತರಿಸಿ, ಬೆಡ್‌ಶೀಟನ್ನು ಮಡಚಿ ರಾಶಿಯ ಮೇಲಿಟ್ಟಳು. ಅದರ ಮೇಲೆ ಯಾರೋ ಒಬ್ಬರು ಮಲಗಬೇಕಾಗಿತ್ತು. ಆಮೇಲೆ ಯಂತ್ರದ ಮೇಲೆ ತಲೆಯಿಟ್ಟಳು.

ಎಲ್ಲ ಮುಗಿದ ಮೇಲೆ ಡೋಲಿನವನು ಪಿಟೀಲಿನ ಪೆಟ್ಟಿಗೆಯನ್ನು ತಂದುಕೊಟ್ಟು ಹೋದ. ಒಂದು ಸಂಜೆ ಅಕ್ಕ ಅದನ್ನು ತೆರೆದಳು. ಪಿಟೀಲು ತನ್ನ ಜಾಗದಲ್ಲಿತ್ತು, ರಾಳದ ಉಂಡೆ ಬಟ್ಟೆಯಲ್ಲಿ ಸುತ್ತಿಕೊಂಡಿತ್ತು, ಕಮಾನು ಮುಚ್ಚಳಕ್ಕೆ ಸಿಕ್ಕಿಸಿಕೊಂಡಿತ್ತು. ಕಮಾನಿನ ಕೂದಲು ಬಿಗಿಯಾಗಿತ್ತು. ಬೆರಳಿಂದ ಮೀಟಿದರೆ ಟಂಗ್ ಎನ್ನುವಷ್ಟು ಬಿಗಿ.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಚಿಕ್ಕಂದಿನಿಂದ ತಮ್ಮನ ಅಭ್ಯಾಸ ಅವಳಿಗೆ ಗೊತ್ತು. ನುಡಿಸಿ ಮುಗಿಸಿದ ಕೂಡಲೇ ಕಮಾನಿನ ತುದಿಯ ತಿರುಪನ್ನು ಹಿಂದಕ್ಕೆ ತಿರುಗಿಸಿ ಕೂದಲನ್ನು ಸಡಿಲ ಬಿಡುತ್ತಿದ್ದ. ಬಿಡದಿದ್ದರೆ ಕಡ್ಡಿ ಸೊಟ್ಟಗಾಗುತ್ತದೆ. ಬಾಯಾರಿದ್ದರೂ ಮೊದಲು ಅದು, ಆಮೇಲೆ ನೀರು. ಜ್ವರ ಬಂದು ನಡುಗುತ್ತಿದ್ದಾಗಲೂ ಹಾಗೆಯೇ. "ನಿನಗೂ ಒಂದು ತಿರುಪು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಕಣೋ, ರಾತ್ರಿ ತಿರುಗಿಸಿ ಮಲಗಿಸ್ತಿದ್ದೆ," ಎಂದು ಅವಳೇ ಗೇಲಿ ಮಾಡುತ್ತಿದ್ದಳು. ನಿದ್ದೆ ಮಾಡದ ಹುಡುಗ ಅವನು.

ಕಛೇರಿ ಮುಗಿದಿತ್ತು ಎಂದ ಮೇಲೆ ಕಮಾನು ಹೇಗೆ ಬಿಗಿಯಾಗಿ ಉಳಿಯಿತು?

ಯಾರನ್ನೂ ಕೇಳಲಿಲ್ಲ. ತಿರುಪನ್ನು ಮುಟ್ಟಲೂ ಇಲ್ಲ. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದಳು. ಅಂದಿನಿಂದ ಸಂಜೆ ದೀಪ ಹಚ್ಚಿ ಪ್ರಾರ್ಥನೆಗೆ ಕೂತರೆ ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಗುರುತಿಲ್ಲದ ಒಂದು ರಸ್ತೆ, ಅಲ್ಲೊಂದು ಬೆಂಚು, ಅದರ ಮೇಲೆ ಕತ್ತು ವಾಲಿಸಿಕೊಂಡ ತಮ್ಮ. ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಬಾಯಿಗೆ ನೀರು ಬಿಡುವವರಿಲ್ಲದೆ ಹೋದವನಿಗೆ ಶಾಂತಿ ಕೊಡು ಎಂದು ಯಾವ ಬಾಯಿಂದ ಕೇಳುವುದು? ಸತ್ತವರಿಗಾಗಿ ಹೇಳಬೇಕಾದ ಮಾತನ್ನು ಅವಳು ಹೇಳುತ್ತಲೇ ಇರಲಿಲ್ಲ. ಅಕ್ಕ ದೀಪ ಆರುವವರೆಗೂ ಸುಮ್ಮನೆ ಕೂತು ಏಳುತ್ತಿದ್ದಳು.

ಮರುವರ್ಷ, ತಮ್ಮ ತೀರಿಕೊಂಡ ಊರಿನ ಸಂಗೀತೋತ್ಸವದವರು ಕರೆದರು. ಅವನು ಪ್ರತಿವರ್ಷ ತಪ್ಪದೆ ನುಡಿಸುತ್ತಿದ್ದ ಸಭಾಂಗಣದಲ್ಲಿ ಅವನ ಪಿಟೀಲನ್ನು ಒಂದು ಕುರ್ಚಿಯ ಮೇಲಿಟ್ಟು ಗೌರವ ಸಲ್ಲಿಸುತ್ತಾರಂತೆ, ಅದನ್ನು ತೆಗೆದುಕೊಂಡು ಬರಬೇಕಂತೆ. ಅಕ್ಕ ರಜೆ ಹಾಕಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೂತು ಬಂದಳು.

ಊರೆಲ್ಲ ಬಣ್ಣದ ಬಟ್ಟೆ ಕಟ್ಟಿದ್ದರು. ಚೌಕಕ್ಕೊಂದು ವೇದಿಕೆ, ವೇದಿಕೆಗೊಂದು ಗದ್ದಲ. ಸಭಾಂಗಣದಲ್ಲಿ ಮಾತ್ರ ಮೆತ್ತನೆಯ ಕುರ್ಚಿಗಳು, ಕೆಮ್ಮಲೂ ಹೆದರುವ ಜನ. ಅಧ್ಯಕ್ಷರು ಶಾಲು ಸರಿಪಡಿಸಿಕೊಂಡು, "ನಮ್ಮ ಕಲಾವಿದರು ನಕ್ಷತ್ರಗಳ ಕೆಳಗೆ, ಏಕಾಂತದಲ್ಲಿ ನಮ್ಮನ್ನಗಲಿದರು," ಎಂದರು. ಏಕಾಂತ ಎಂಬ ಮಾತಿಗೆ ಅಕ್ಕನ ಕೈ ಸೆರಗಿನ ತುದಿಯನ್ನು ಹಿಂಡಿತು. ಪಕ್ಕದಲ್ಲಿ ಕೂತಿದ್ದ ಡೋಲಿನವನು ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅದನ್ನೂ ಅಕ್ಕ ಕಂಡಳು.

ಹೊರಗೆ ಬಂದಾಗ ಬೀದಿ ದೀಪಗಳು ಹತ್ತಿದ್ದವು.

"ಆ ಬೆಂಚು ತೋರಿಸು," ಎಂದಳು.

"ಈಗ್ಲಾ? ಬೆಳಿಗ್ಗೆ ಹೋಗೋಣ ಅಕ್ಕ. ನಿಮ್ಮ ಮಂಡಿ ನೋವು..."

"ಮಂಡಿ ನನ್ನದು. ನಿನಗ್ಯಾಕೆ ಅದರ ಚಿಂತೆ? ಅವನು ಅವತ್ತು ಎಲ್ಲೆಲ್ಲಿ ತಿರುಗಿದ್ನೋ ಅಲ್ಲೆಲ್ಲ ಕರ್ಕೊಂಡು ಹೋಗು."

ಡೋಲಿನವನು ಉಸಿರು ಬಿಟ್ಟು ಮುಂದೆ ನಡೆದ. ಪೆಟ್ಟಿಗೆಯನ್ನು ತಾನು ಹಿಡಿಯುತ್ತೇನೆಂದು ಕೈಚಾಚಿದ. ಅಕ್ಕ ಕೊಡಲಿಲ್ಲ.

ಮೊದಲು ಹಳೆಯ ಅಚ್ಚುಕೂಟಗಳ ಕೇರಿಗೆ ಕರೆದುಕೊಂಡು ಹೋದ. ಅಲ್ಲಿ ಈಗ ಅಚ್ಚಿನ ಕೆಲಸ ಕಡಿಮೆ. ಬಾಗಿಲುಗಳ ಮುಂದೆ ಮೇಜು ಹಾಕಿ ಕಾಫಿ ಕೊಡುತ್ತಿದ್ದರು. ತೋಳಿಲ್ಲದ ಅಂಗಿ ತೊಟ್ಟ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಹಾಡುತ್ತಿದ್ದರು. ಅಲ್ಲಿಂದ ನದಿಯ ಸೇತುವೆ. ಸೇತುವೆಯ ಮೇಲೆ ಒಬ್ಬ ಮುದುಕ ಕೊಳಲು ನುಡಿಸುತ್ತಿದ್ದ, ಕೇಳುವವರು ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಚರ್ಮದ ಗೋದಾಮುಗಳ ಓಣಿ, ಆಮೇಲೆ ಹಣ್ಣಿನ ಸಗಟು ಮಾರುಕಟ್ಟೆ. ಅಲ್ಲಿ ಹಮಾಲರು ಖಾಲಿ ಪೆಟ್ಟಿಗೆ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಮುಂದಿನ ವೇದಿಕೆಯ ಗಿಟಾರಿನ ಸದ್ದಿಗೆ ಅವರ ಎದೆಯ ಮೇಲಿನ ಟವೆಲ್ಲು ಅದುರುತ್ತಿತ್ತು. ಆದರೂ ಒಬ್ಬನಿಗೂ ಎಚ್ಚರವಿಲ್ಲ. ಅವರ ನಿದ್ದೆ ಕಂಡು ಅಕ್ಕನಿಗೆ ಹೊಟ್ಟೆಕಿಚ್ಚಾಯಿತು.

"ಇಲ್ಲಿ ಬಂದಿದ್ನಾ ಅವನು?"

"ಬಂದಿರಬಹುದು ಅಕ್ಕ."

"ಆ ಅಚ್ಚುಕೂಟದ ಕೇರಿಗೆ?"

"ಅಲ್ಲಿಗೂ... ಒಂದೊಂದು ಸಲ."

ಸೇತುವೆ ಮತ್ತೆ ಎದುರಾಯಿತು. ಅದೇ ಮುದುಕ, ಅದೇ ಕೊಳಲು. ಅಕ್ಕ ನಿಂತುಬಿಟ್ಟಳು. ಕಂಬಕ್ಕೆ ಬೆನ್ನು ಕೊಟ್ಟು, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಉಸಿರು ತಹಬಂದಿಗೆ ಬರುವವರೆಗೆ ಕಾದಳು.

"ಗಾಣದ ಎತ್ತಿನ ಹಾಗೆ ಸುತ್ತಿಸ್ತಾ ಇದ್ದೀಯಲ್ಲೋ. ನಾನು ಸುಸ್ತಾಗಿ, ರೂಮಿಗೆ ಹೋಗೋಣ ಅಂತ ಹೇಳಲಿ ಅಂತ ತಾನೇ?"

ಡೋಲಿನವನು ನದಿಯ ಕಡೆ ಮುಖ ತಿರುಗಿಸಿದ.

"ಕಮಾನು ಬಿಗಿಯಾಗೇ ಇತ್ತು," ಎಂದಳು ಅಕ್ಕ. "ವರ್ಷದಿಂದ ಹಾಗೇ ಇದೆ. ಅವನು ಅದನ್ನ ಹಾಗೆ ಬಿಡೋನಲ್ಲ. ನನಗೆ ಬೆಂಚು ಬೇಡ. ಅವನು ಎಲ್ಲಿ ನುಡಿಸ್ತಾ ಇದ್ದ, ಅಲ್ಲಿಗೆ ಕರ್ಕೊಂಡು ಹೋಗು."

ಅವನು ಕೈಯಿಂದ ಮುಖ ಒರೆಸಿಕೊಂಡ. ಸಭಾಂಗಣದಲ್ಲಿ ಬಾರದ ಅಳು ಈಗ ಬಂದಿತ್ತು. "ನಾನೇ ಅಕ್ಕ ಪೆಟ್ಟಿಗೆಗೆ ಹಾಕಿದ್ದು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀನಿ, ಸಡಿಲಿಸಬೇಕು ಅಂತ ಆ ಹೊತ್ತಿಗೆ ತೋಚಲಿಲ್ಲ."

ಸೇತುವೆಯ ಬುಡದಲ್ಲೇ ಒಂದು ಓಣಿ ಇಳಿಯುತ್ತಿತ್ತು. ಎರಡು ಸಲ ಅದನ್ನು ದಾಟಿಕೊಂಡೇ ಹೋಗಿದ್ದರು. ಓಣಿಯ ಬಾಯಲ್ಲಿ ಬೆಂಚು, ಅದರ ಹಿಂದೆ ತಗ್ಗಿನ ಬಾಗಿಲು, ಬಾಗಿಲ ಮೇಲೆ ಒಂದು ಬೋರ್ಡು, ಕೆಂಪು ದೀಪ. ಒಳಗಿಂದ ಕಾಲು ಕುಟ್ಟುವ ಸದ್ದು.

"ಬಾರು," ಎಂದ ಡೋಲಿನವನು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

"ಓದೋಕೆ ಬರುತ್ತೆ ನನಗೆ," ಎಂದು ಅಕ್ಕ ತಲೆ ಬಗ್ಗಿಸಿ ಒಳಗೆ ಹೋದಳು.

ಉದ್ದನೆಯ ಕೋಣೆ. ಬೆವರು, ಸಾರಾಯಿ, ಸಿಗರೇಟಿನ ವಾಸನೆ. ಮೂಲೆಯಲ್ಲಿ ಇಬ್ಬರು ವಾದ್ಯ ನುಡಿಸುತ್ತಿದ್ದರು, ನಡುವೆ ಜನ ಕುಣಿಯುತ್ತಿದ್ದರು. ಬಸ್ಸಿನ ಸಮವಸ್ತ್ರದವನೊಬ್ಬ, ಬಿಳಿ ಕೋಟು ತೊಟ್ಟ ಅಡುಗೆಯವನೊಬ್ಬ. ದಪ್ಪ ಹೆಂಗಸೊಬ್ಬಳು ತನ್ನ ಗಂಡನನ್ನು ಬುಗುರಿಯಂತೆ ತಿರುಗಿಸುತ್ತಿದ್ದಳು. ಅಕ್ಕನಿಗೆ ಇಂಥ ಕಡೆ ಕಾಲಿಟ್ಟು ಗೊತ್ತಿರಲಿಲ್ಲ. ಬಾಯಲ್ಲಿ ತಾನಾಗಿಯೇ ದೇವರ ಹೆಸರು ಬಂತು.

ಕೌಂಟರಿನ ಹಿಂದಿದ್ದ ಯಜಮಾನಿ ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ಅಕ್ಕನ ಮುಖವನ್ನು ನೋಡಿದಳು. ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟು ಬಂದಳು.

"ಹುಬ್ಬು ಅವರ ಹಾಗೇ ಇದೆ," ಎಂದಳು. "ನೀವು ಅಕ್ಕ ಅಲ್ವಾ? ನಮ್ಮಕ್ಕನಿಗೆ ಗೊತ್ತಾದ್ರೆ ಕಿವಿ ಹಿಂಡಿ ಎಳ್ಕೊಂಡು ಹೋಗ್ತಾಳೆ ಅಂತ ಹೇಳ್ತಾನೇ ಇರ್ತಿದ್ರು. ಒಂದಿನ ಬಂದೇ ಬರ್ತೀರ ಅಂತ ನಾನೂ ಅಂದ್ಕೊಂಡಿದ್ದೆ."

ಮೂವರೂ ಗೋಡೆಯ ಪಕ್ಕದ ಮೇಜಿಗೆ ಕೂತರು. ಯಜಮಾನಿ ನೀರು ತಂದಿಟ್ಟಳು.

"ಕುಡಿತಿದ್ನಾ?" ಅಕ್ಕ ಕೇಳಿದಳು.

"ಸುಳ್ಳು ಹೇಳಲ್ಲ ಅಮ್ಮ. ಕುಡೀತಿದ್ರು. ಒಂದು ಗ್ಲಾಸು ಇಟ್ಕೊಂಡು ರಾತ್ರಿಯೆಲ್ಲ ಕಳೀತಿದ್ರು, ನನಗೇನೂ ವ್ಯಾಪಾರ ಆಗ್ತಿರ್ಲಿಲ್ಲ. ಅವತ್ತೂ ಅರ್ಧ ಹಾಗೇ ಉಳಿದಿತ್ತು."

"ಇಲ್ಲಿ ಯಾಕೆ ಬರ್ತಿದ್ದ? ಅಷ್ಟು ದೊಡ್ಡ ಸಭೆ ಬಿಟ್ಟು?"

"ನಾನೂ ಕೇಳಿದ್ದೆ. ಅಲ್ಲಿ ನಾನು ನುಡಿಸಿದ್ರೆ ಜನ ಕಣ್ಣು ಮುಚ್ಕೋತಾರೆ, ಇಲ್ಲಿ ಎದ್ದು ಕುಣೀತಾರೆ, ಎರಡೂ ಬೇಕು ನನಗೆ ಅಂದ್ರು."

ಅಕ್ಕ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಡೋಲಿನವನೇ ಮುಂದಿನದನ್ನು ಹೇಳಿದ.

"ಹಾಡಿನ ಮಧ್ಯ ಕಮಾನು ಕೆಳಗಿಳಿಸಿದ. ಮೂಲೇಲಿದೆಯಲ್ಲ, ಆ ಕುರ್ಚೀಲಿ ಹಿಂದಕ್ಕೆ ಒರಗಿದ. ಅಲ್ಲಿಗೆ ಮುಗಿಸ್ತಿದ್ದಾನೆ ಅಂದ್ಕೊಂಡು ನಾನೂ ಡೋಲು ನಿಲ್ಲಿಸ್ದೆ. ಎಲ್ಲರೂ ಚಪ್ಪಾಳೆ ಹೊಡೆದ್ರು ಅಕ್ಕ. ಬಹಳ ಹೊತ್ತು ಹೊಡೆದ್ರು. ನಗ್ತಾ ಇದ್ದ ಹಾಗೇ ಇತ್ತು ಮುಖ."

"ಗಾಳಿ ಬರಲಿ ಅಂತ ನಾವೇ ಎತ್ಕೊಂಡು ಹೋಗಿ ಹೊರಗೆ ಬೆಂಚಿನ ಮೇಲೆ ಮಲಗಿಸಿದ್ವಿ," ಎಂದಳು ಯಜಮಾನಿ. "ತಲೆ ಇವರ ತೊಡೆ ಮೇಲಿತ್ತು. ನಾನು ತುಟಿಗೆ ನೀರು ಹಾಕಿದೆ. ಒಂದು ಗುಟುಕು ಒಳಗೆ ಹೋಯ್ತು. ಕುಣೀತಿದ್ದವರೆಲ್ಲ ಸುತ್ತ ನಿಂತಿದ್ರು. ಆಸ್ಪತ್ರೆ ಗಾಡಿ ಬರೋ ಹೊತ್ತಿಗೆ ಆಗಿಹೋಗಿತ್ತು. ಇಲ್ಲಿ ಸತ್ರು ಅಂತ ಹೇಳಬೇಡಿ ಅಂತ ಇವರಿಗೆ ಹೇಳಿದ್ದೂ ನಾನೇ. ಅಂಥವರ ಹೆಸರಿಗೆ ನನ್ನ ಬಾರು ಯಾಕೆ ಅಂಟಬೇಕು ಅಂತ."

"ನಿಮಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ ಅಕ್ಕ. ಪೂಜೆ ಪ್ರಾರ್ಥನೆ ಅನ್ನೋರು ನೀವು. ಅವನು ಇಂಥ ಕಡೆ..."

"ಎಂಥ ನೋವು ತಪ್ಪಿಸೋಕೆ ಹೋಗಿ ಎಂಥದ್ದು ಕೊಟ್ಟೆಯೋ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು. "ವರ್ಷವಿಡೀ ಅವನನ್ನ ಆ ಬೆಂಚಿನ ಮೇಲೆ ಒಬ್ಬನನ್ನೇ ಕೂರಿಸಿದ್ದೆನಲ್ಲೋ ನಾನು."

ಡೋಲಿನವನು ಅವಳ ಕಾಲು ಮುಟ್ಟಲು ಬಗ್ಗಿದ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು ತಡೆದಳು. ಅವಳ ಬೆರಳು ಅವನ ನರೆತ ಕೂದಲಲ್ಲಿ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು.

ವಾದ್ಯದವರು ಇತ್ತ ನೋಡುತ್ತ ಸದ್ದು ತಗ್ಗಿಸಿದ್ದರು. ಯಜಮಾನಿ ಅವರಿಗೆ ನಿಲ್ಲಿಸುವಂತೆ ಕೈ ಎತ್ತಿದಳು.

"ಬೇಡ," ಎಂದಳು ಅಕ್ಕ. "ನಡೀಲಿ. ಆ ಕುರ್ಚಿ ಮಾತ್ರ ಇಲ್ಲಿಗೆ ತರಿಸ್ತೀರಾ?"

ಬೆತ್ತ ಸಡಿಲಗೊಂಡ ಸಾಧಾರಣ ಮರದ ಕುರ್ಚಿ. ಅಕ್ಕ ಅದರಲ್ಲಿ ಕೂತು ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡಳು. ಕೊಂಡಿ ಬಿಚ್ಚಿದಳು. ಕಮಾನನ್ನು ಹೊರತೆಗೆದು ದೀಪದ ಬೆಳಕಿಗೆ ಹಿಡಿದು ನೋಡಿದಳು. ಕಡ್ಡಿ ಸ್ವಲ್ಪ ಸೊಟ್ಟಗಾಗಿತ್ತು. ಕೂದಲು ಮಾತ್ರ ಅದೇ ಬಿಗಿಯಲ್ಲಿತ್ತು, ಇನ್ನೂ ಯಾವುದೋ ಸ್ವರ ಬಾಕಿಯಿದೆ ಎನ್ನುವಂತೆ.

ತಿರುಪು ತುಕ್ಕು ಹಿಡಿದಿತ್ತು. ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಬೆರಳುಗಳಿಂದ ಮೆಲ್ಲನೆ ಒತ್ತಿ ತಿರುಗಿಸಿದಳು. ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿತು. ಒಂದೊಂದು ಸುತ್ತಿಗೂ ಕೂದಲು ಸಡಿಲವಾಗುತ್ತ, ಮಲಗುವ ಮಗುವಿನ ಕೈಯಂತೆ ಜೋಲಿತು. ನೆಲ ಕುಣಿಯುವವರ ಕಾಲಿಗೆ ಅದುರುತ್ತಿತ್ತು. ಆ ಅದುರು ಕುರ್ಚಿಯ ಕಾಲುಗಳಿಂದ ಏರಿ ಅವಳ ಮಂಡಿಗೆ, ಮಂಡಿಯಿಂದ ಬೆನ್ನಿಗೆ ಬರುತ್ತಿತ್ತು.

ಅಕ್ಕ ಕಣ್ಣು ಮುಚ್ಚಿದಳು. ಈ ಸಲ ಬೆಂಚಿನ ಸುತ್ತ ಜನರಿದ್ದರು.

"ದೇವರೇ," ಎಂದಳು ಯಾರಿಗೂ ಕೇಳಿಸದ ಹಾಗೆ, "ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಚಿಕ್ಕಂದಿನಿಂದ ಸರಿಯಾಗಿ ನಿದ್ದೆ ಮಾಡಿದವನಲ್ಲ. ತುಂಬ ದಣಿದಿದ್ದಾನೆ. ಮಲಗಿಸಿಕೊಳ್ಳಪ್ಪ, ನೆಮ್ಮದಿಯಾಗಿ ಮಲಗಲಿ."